ದ್ರವಗಳನ್ನು ಬಟ್ಟಿಯಿಳಿಸಿ ಬೇರ್ಪಡಿಸುವ ಕ್ರಮ
(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ, ಎಲ್.ಎ.ಜಿ.)

ಮಜ್ಜಿಗೆ ಹುಲ್ಲು, ರೋಶಾ ಹುಲ್ಲು, ಲಾವಂಚ, ದವನ, ಪಚೋಲಿ ಮೊದಲಾದ ಸುಗಂಧದ ಪೈರುಗಳನ್ನು ಬೆಳೆಯುವ ರೈತರು ನಮ್ಮಲ್ಲಿ ಈಗ ಹಲವರುಂಟು. ಈ ಪೈರುಗಳಿಗೂ ಇತರ ಪೈರುಗಳಿಗೂ ಒಂದು ಮುಖ್ಯವಾದ ಭೇದವಿದೆ. ರಾಗಿಯಾಗಲಿ ಭತ್ತವಾಗಲಿ ಕಣದಿಂದ ಮನೆಗೆ ಬಂದಿತೆಂದರೆ ರೈತನ ಕೆಲಸವು ಬಹುಮಟ್ಟಿಗೆ ತೀರಿದಂತೆಯೇ. ಸುಗಂಧದ ಹುಲ್ಲಿಗಾದರೋ ಕೊಯ್ದ ಮೇಲೆಯೇ ನಿಜವಾದ ಪರೀಕ್ಷೆ. ತಿಂಗಳುಗಟ್ಟಲೆ ನೀರು ಗೊಬ್ಬರ ಕೊಟ್ಟು ಬೆಳೆಸಿದ ಎಣ್ಣೆಯು ಬಟ್ಟಿಯ ಬಳಿ ಮೂರು ಗಂಟೆಗಳ ಕಾಲದ ಅಜಾಗರೂಕತೆಯಿಂದ ಗಾಳಿಪಾಲಾಗಬಹುದು. ಹಾಗೆ ಹೋದದ್ದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಬೆಳೆಗಾರನು ತನ್ನ ಭೂಮಿಯನ್ನೋ ಬೀಜದ ತಳಿಯನ್ನೋ ನಿಂದಿಸುತ್ತ ಕುಳಿತಿರುವುದುಂಟು. ಆದುದರಿಂದ ಬಟ್ಟಿಯಿಳಿಸುವುದೆಂದರೇನು, ಅದರಲ್ಲಿ ಒಂದು ದ್ರವವು ಇನ್ನೊಂದರಿಂದ ಹೇಗೆ ಬೇರ್ಪಡುವುದು ಎಂಬುದನ್ನು ಮೂಲದಿಂದ ತಿಳಿದುಕೊಳ್ಳುವುದು ಅವಶ್ಯಕವಾಗಿದೆ.

ಅಡಿಗೆಮನೆಯಲ್ಲಿ ಅನ್ನದ ತಪ್ಪಲೆಯ ಮುಚ್ಚಳವನ್ನು ತೆಗೆದು ನೋಡಿದರೆ ಅದರ ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿ ನಿಂತಿರುವುವು. ಈ ಹನಿಗಳಲ್ಲಿ ಗಂಜಿಯಿಲ್ಲ, ಉಪ್ಪಿಲ್ಲ. ತಪ್ಪಲೆಯ ನೀರು ಕುದಿದು ಹಬೆಯಾಗಿ ಮೇಲಕ್ಕೆ ಹೋಯಿತು. ತಣ್ಣನೆಯ ಮುಚ್ಚಳವನ್ನು ತಾಗಿ ಮರಳಿ ನೀರಾಯಿತು. ಹಬೆಯಾಗಲಾರದ ಪದಾರ್ಥಗಳು ಕೆಳಗೇ ಉಳಿದುವು. ಆ ಹನಿಗಳನ್ನು ತಪ್ಪಲೆಯೊಳಕ್ಕೆ ಹಿಂದಿರುಗಗೊಡದೆ ಕೊಳವೆಯೊಂದರ ಮೂಲಕ ಬೇರೊಂದು ಪಾತ್ರೆಗೆ ಹರಿಯಿಸಿದರೆ ಅದೇ ಬಟ್ಟಿಯಿಳಿಸುವುದು. ಟ್ರ್ಯಾಕ್ಟರಿನ ಬ್ಯಾಟರಿಗೆ ಹಾಕುವ ಬಟ್ಟಿ ನೀರನ್ನು ಪಡೆಯಲು ಇಷ್ಟೇ ಸಾಕು. ನಮ್ಮ ದೇಶದ ರಸಶಾಸ್ತ್ರಜ್ಞರಿಗೂ ಈ ಕ್ರಮವು ಚೆನ್ನಾಗಿ ಗೊತ್ತಿದ್ದಿತು. ರಸರತ್ನಸಮುಚ್ಚಯವೆಂಬ ಗ್ರಂಥದಲ್ಲಿ ಹೇಳಿರುವ ತಿರ್ಯಕ್ಪಾತನ ಯಂತ್ರದಲ್ಲಿ ಒಂದು ಮಡಕೆಯಿಂದ ಓರೆಯಾಗಿ ಇಳಿದ ಕೊಳವೆಯು ಇನ್ನೊಂದು ಮಡಕೆಯನ್ನು ಸೇರುವುದು. ೩೫೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವ ಪಾದರಸವನ್ನು ಅವರು ಹೀಗೆ ಶುದ್ಧಿಮಾಡುತ್ತಿದ್ದರು.

ಉಪ್ಪುನೀರಿನಿಂದ ನೀರನ್ನು ತೆಗೆಯುವುದು ಸುಲಭ. ಏಕೆಂದರೆ ಆ ಶಾಖಕ್ಕೆ ಉಪ್ಪು ಆವಿಯಾಗುವುದೇ ಇಲ್ಲ. ಎರಡೂ ಆವಿಯಾಗತಕ್ಕ ದ್ರವಗಳು ಬೆರೆತಿದ್ದರೆ ಕೆಲಸವು ಅಷ್ಟು ಸರಳವಲ್ಲ.

ಒಂದರೊಳಗೊಂದು ಕರಗುವ ದ್ರವಗಳು

ಇದಕ್ಕೆ ಮದ್ಯಸಾರವೂ ನೀರೂ ಒಳ್ಳೆಯ ಉದಾಹರಣೆ. ನೀರು ಸಮುದ್ರಮಟ್ಟದಲ್ಲಿ ೧೦೦ ಡಿಗ್ರಿಯಲ್ಲಿಯೂ ಮದ್ಯಸಾರವು ೭೮ ಡಿಗ್ರಿಗೆ ಸ್ವಲ್ಪ ಮೇಲೆಯೂ ಕುದಿಯುವುವು. ಇದನ್ನು ಕೇಳಿದವರು, ಬೆರಕೆಯನ್ನು ೭೮ ಡಿಗ್ರಿಯಲ್ಲಿ ನಿಲ್ಲಿಸಿದರೆ ಮದ್ಯಸಾರವೆಲ್ಲ ಹೊರಟುಹೋಗಿ ನೀರು ಹಿಂದುಳಿಯುವುದೆಂದು ಭಾವಿಸುವರು. ಶಾಲೆಯ ಪುಸ್ತಕಗಳನ್ನೋದಿದವರೂ ಈ ಭ್ರಾಂತಿಯಿಂದ ತಪ್ಪಿಸಿಕೊಂಡಿಲ್ಲ. ನಿಜಸ್ಥಿತಿಯೇ ಬೇರೆ. ಬೆರಕೆಯು ಎರಡು ಮಟ್ಟಗಳ ನಡುವೆ ಎಲ್ಲಿಯೋ ಕುದಿಯತೊಡಗುವುದು. ಏಳುವ ಆವಿಯಲ್ಲಿ ಎರಡೂ ಇರುವುವು. ಆದರೆ ಸುಲಭವಾಗಿ ಆವಿಯಾಗತಕ್ಕದ್ದು ಹೆಚ್ಚು ಪಾಲಿನಲ್ಲಿರುವುದು. ತೂಕದಲ್ಲಿ ನೂರಕ್ಕೆ ೧೦ ಭಾಗ ಮದ್ಯಸಾರವುಳ್ಳ ದ್ರವವನ್ನು ಕುದಿಸಿದರೆ ಮೊದಲು ಬರುವ ಆವಿಯಲ್ಲಿ ಸುಮಾರು ಅರ್ಧದಷ್ಟು ಮದ್ಯಸಾರವೂ ಉಳಿದರ್ಧ ನೀರೂ ಇರುವುವು. ಒಂದು ಸಲ ಇಳಿಸಿದರೆ ಬೇರ್ಪಡುವುದಿಲ್ಲ, ಗಟ್ಟಿಯಾಗುವುದು ಮಾತ್ರ. ಇಳಿದುದನ್ನು ಮತ್ತೆ ಕುದಿಸಿ ಇಳಿಸಿದರೆ ಇನ್ನಷ್ಟು ಗಟ್ಟಿಯಾಗುವುದು.

ಹೀಗೆ ಹತ್ತಾರು ಸಲ ಒಲೆಯ ಮೇಲಿಟ್ಟಿಳಿಸುವ ಶ್ರಮವನ್ನು ತಪ್ಪಿಸಲು ಕಾರ್ಖಾನೆಗಳಲ್ಲಿ ಎತ್ತರವಾದ ಸ್ತಂಭಗಳನ್ನು ನಿಲ್ಲಿಸಿರುವರು. ಸಕ್ಕರೆಯ ಕಾರ್ಖಾನೆಗೆ ಸೇರಿದ ಬಟ್ಟಿಮನೆಯನ್ನು ನೋಡಿದವರಿಗೆ ಇವು ಕಂಡಿರಬಹುದು. ಸ್ತಂಭದೊಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ರಂಧ್ರಗಳುಳ್ಳ ತಟ್ಟೆಗಳಿರುವುವು. ಮೇಲೇರುವ ಆವಿಯು ಪ್ರತಿಯೊಂದು ತಟ್ಟೆಯಲ್ಲಿಯೂ ಕೆಳಗಿಳಿಯುವ ದ್ರವವನ್ನು ಸಂಧಿಸಿ, ತನ್ನಲ್ಲಿನ ನೀರನ್ನು ಅದಕ್ಕೆ ಕೊಟ್ಟು, ಅದರಲ್ಲಿನ ಮದ್ಯಸಾರವನ್ನು ತಾನು ತೆಗೆದುಕೊಂಡು ಮುಂದೆ ಹೋಗುವುದು. ಒಂದೊಂದು ತಟ್ಟೆಯೂ ಒಂದೊಂದು ಸಲ ಬಟ್ಟಿಯಿಳಿಸಿದಂತೆ. ಆದರೂ ಈ ಉಪಾಯಕ್ಕೆ ಒಂದು ಎಲ್ಲೆಯುಂಟು. ತೂಕದಲ್ಲಿ ನೂರಕ್ಕೆ ಸುಮಾರು ೯೫.೬ ಭಾಗ ಮದ್ಯಸಾರವಾದ ಮೇಲೆ ಆವಿಯೂ ದ್ರವವೂ ಒಂದೇ ಪ್ರಮಾಣಕ್ಕೆ ಬಂದುಬಿಡುವುವು. ಆಮೇಲೆ ಎಷ್ಟು ಸಲ ಇಳಿಸಿದರೂ ಪ್ರಯೋಜನವಿಲ್ಲ. ೨೦೨೫ರಲ್ಲಿ ನಮ್ಮ ದೇಶವು ಪೆಟ್ರೋಲಿಗೆ ನೂರಕ್ಕೆ ೨೦ರಂತೆ ಬೆರೆಸುವ ಗುರಿಯನ್ನು ಮುಟ್ಟಿತಷ್ಟೆ. ಹಾಗೆ ಬೆರೆಸುವ ಮದ್ಯಸಾರದಲ್ಲಿ ಉಳಿದ ಈ ಸ್ವಲ್ಪ ನೀರನ್ನು ಬೇರೆ ವಿಧವಾದ ಹೀರುವ ಪದಾರ್ಥಗಳಿಂದ ತೆಗೆಯುವರು.

ಮದ್ಯಸಾರವನ್ನು ಇಲ್ಲಿ ತತ್ತ್ವದ ಸಲುವಾಗಿ ಹೇಳಿದ್ದೇ ಹೊರತು ಮನೆಯಲ್ಲಿ ಇಳಿಸುವುದಕ್ಕಾಗಿ ಅಲ್ಲ. ಪರವಾನಗಿಯಿಲ್ಲದೆ ಹಾಗೆ ಮಾಡುವುದು ಅಬಕಾರಿ ಕಾನೂನಿಗೆ ವಿರುದ್ಧ. ೬೫ ಡಿಗ್ರಿಯ ಸುಮಾರಿನಲ್ಲಿ ಕುದಿಯುವ ಮೀಥೈಲ್ ಮದ್ಯಸಾರವೆಂಬ ವಿಷವು ಮೊದಲ ಹನಿಗಳಲ್ಲಿಯೇ ಹೋಗಿಬಿಡುವುದೆಂದು ಕೆಲವರು ಹೇಳಿಕೊಳ್ಳುವರು. ಮೇಲೆ ವಿವರಿಸಿದುದರಿಂದಲೇ ಈ ಮಾತು ಎಷ್ಟು ಅಪಾಯಕರವೆಂಬುದು ತಿಳಿಯುವುದು. ಬೆರಕೆಯಲ್ಲಿ ಯಾವುದೂ ತಾನೊಂದೇ ಎದ್ದು ಹೋಗುವುದಿಲ್ಲ. ಇನ್ನು ಬೇಕೆಂದೇ ಈ ವಿಷವನ್ನು ಬೆರೆಸಿ ಮಾರುವವರೂ ಇದ್ದಾರೆ. ೧೯೮೧ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯಿಂದ ಮುನ್ನೂರಕ್ಕೆ ಮೇಲ್ಪಟ್ಟು ಜನರು ಪ್ರಾಣ ಕಳೆದುಕೊಂಡರು.

ಒಂದರೊಳಗೊಂದು ಕರಗದ ದ್ರವಗಳು

ಸುಗಂಧ ತೈಲಗಳಿಗೂ ನೀರಿಗೂ ಸಂಬಂಧಪಟ್ಟ ವಿಷಯವು ಇದಕ್ಕಿಂತ ಬೇರೆ. ರೈತನಿಗೆ ಮುಖ್ಯವಾಗಿ ಬೇಕಾದದ್ದು ಇದೇ.

ಯಾವ ದ್ರವವೇ ಆಗಲಿ ಬಿಸಿಯಾದಂತೆಲ್ಲ ಅದರ ಆವಿಯು ಮೇಲಣ ಗಾಳಿಯನ್ನು ಹೆಚ್ಚು ಹೆಚ್ಚಾಗಿ ಒತ್ತತೊಡಗುವುದು. ಈ ಒತ್ತಡವು ಗಾಳಿಯ ಒತ್ತಡಕ್ಕೆ ಸಮನಾದ ಕ್ಷಣದಲ್ಲಿ ದ್ರವವು ಕುದಿಯುವುದು. ಆದುದರಿಂದಲೇ ಗಾಳಿಯು ತೆಳುವಾಗಿರುವ ಎತ್ತರದ ಸ್ಥಳಗಳಲ್ಲಿ ನೀರು ಬೇಗನೆ ಕುದಿಯುವುದು. ಬೆಂಗಳೂರಿನಲ್ಲಿ ಸುಮಾರು ೯೭ ಡಿಗ್ರಿ, ಮಡಿಕೇರಿಯಲ್ಲಿ ಸುಮಾರು ೯೬ ಡಿಗ್ರಿ. ಈಗ ನೀರಿನ ಜೊತೆಗೆ ಅದರಲ್ಲಿ ಕರಗದಿರುವ ಎಣ್ಣೆಯೊಂದಿದ್ದರೆ ಎರಡೂ ತಮ್ಮ ತಮ್ಮ ಒತ್ತಡವನ್ನು ಬೇರೆ ಬೇರೆಯಾಗಿ ಹಾಕುವುವು. ಬಲಶಾಲಿಯಾದ ಆಳೊಬ್ಬನು ಗಾಡಿಯನ್ನು ತಳ್ಳುತ್ತಿರುವಾಗ ಚಿಕ್ಕ ಹುಡುಗನೊಬ್ಬನು ಕೈಕೊಟ್ಟಂತೆ ಇದು. ಹುಡುಗನ ಬಲವು ಅಲ್ಪವೇ. ಆದರೂ ಆಳು ತನ್ನ ಪೂರ್ಣ ಶಕ್ತಿಯನ್ನು ಹಾಕುವುದಕ್ಕೆ ಮುಂಚೆಯೇ ಗಾಡಿಯು ಕದಲುವುದು, ಹುಡುಗನೂ ಅದರೊಡನೆ ಮುಂದಕ್ಕೆ ಹೋಗುವನು. ಟರ್ಪೆಂಟೈನು ಒಂದೇ ಇದ್ದರೆ ೧೫೫ ಡಿಗ್ರಿಯ ಸುಮಾರಿನಲ್ಲಿ ಕುದಿಯುವುದು. ನೀರಿನೊಡನೆ ಸೇರಿ ಸುಮಾರು ೯೬ ಡಿಗ್ರಿಯಲ್ಲಿಯೇ ಎದ್ದು ಬರುವುದು. ಮಜ್ಜಿಗೆ ಹುಲ್ಲಿನ ಎಣ್ಣೆಗೆ ಬೆಲೆ ತರುವ ಸಿಟ್ರಾಲ್ ಎಂಬ ಪದಾರ್ಥವು ತಾನೊಂದೇ ಕುದಿಯಬೇಕಾದರೆ ೨೨೯ ಡಿಗ್ರಿ ಬೇಕು. ಗಂಧದೆಣ್ಣೆಯ ಸಾರವಾದ ಸ್ಯಾಂಟಲಾಲಿಗೆ ೩೦೦ ಡಿಗ್ರಿಗೆ ಸಮೀಪದ ಶಾಖ ಬೇಕು. ಅಷ್ಟು ಶಾಖವನ್ನು ಕೊಟ್ಟರೆ ಹುಲ್ಲೂ ಚಕ್ಕೆಯೂ ಕರಿಕಾಗುವುವಲ್ಲದೆ ಎಣ್ಣೆ ಸಿಕ್ಕುವುದಿಲ್ಲ. ನೀರಿನ ಹಬೆಯ ಜೊತೆಗೂಡಿದರೆ ಇವೆಲ್ಲ ೧೦೦ ಡಿಗ್ರಿಯೊಳಗೇ ಹೊರಬರುವುವು.

ಗಂಧದ ವಿಷಯವನ್ನು ಹೇಳಿದ ಮೇಲೆ ಮೈಸೂರಿನ ಸಂಗತಿಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ೧೯೧೪ರ ವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧದ ಮರವು ಹರಾಜಾಗಿ ಅದರಲ್ಲಿ ಬಹುಭಾಗವು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮಹಾಯುದ್ಧವು ಆರಂಭವಾದ ಕೂಡಲೇ ಕೊಳ್ಳುವವರು ಇಲ್ಲದಂತಾದರು. ಆಗ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಎಣ್ಣೆಯನ್ನು ಇಳಿಸಿ ತೋರಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ೧೯೧೬ರಲ್ಲಿ, ಬೆಂಗಳೂರಿನಲ್ಲಿ ಕಾರ್ಖಾನೆಯು ಆರಂಭವಾಯಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಮರವು ಹೊರಗೆ ಹೋಗಿ ಎಣ್ಣೆಯು ಅಲ್ಲಿ ಹುಟ್ಟುತ್ತಿದ್ದುದಕ್ಕೆ ಬದಲಾಗಿ ಎಣ್ಣೆಯೇ ಇಲ್ಲಿಂದ ಹೊರಟಿತು. ಇದರಲ್ಲಿ ಉಪಯೋಗಿಸಿದ್ದು ಮೇಲೆ ಹೇಳಿದ ತತ್ತ್ವವನ್ನೇ.

ಈ ತತ್ತ್ವದಿಂದ ಒಲೆಯ ಮುಂದೆ ಕುಳಿತವನು ಗ್ರಹಿಸಬೇಕಾದ ಒಂದು ಅಂಶವಿದೆ. ಹಂಡೆಯಲ್ಲಿ ನೀರಿರುವ ತನಕ ಬೆಂಕಿಯನ್ನು ಎಷ್ಟು ಹೆಚ್ಚಿಸಿದರೂ ಶಾಖಮಾನವು ಏರುವುದಿಲ್ಲ. ಹಬೆಯು ಹೆಚ್ಚು ವೇಗವಾಗಿ ಬರುವುದು, ಅಷ್ಟೇ. ಎಣ್ಣೆಯಾದರೋ ಎಲೆಯ ಒಳಗಿನಿಂದ ಮೆಲ್ಲಮೆಲ್ಲನೆ ಹೊರಮೈಗೆ ಬರಬೇಕು. ಅದರ ನಡಿಗೆಯನ್ನು ಮೀರಿ ಹಬೆಯು ಓಡಿದರೆ ಬರಿಯ ನೀರು ಇಳಿಯುವುದೇ ಹೊರತು ಎಣ್ಣೆ ಹೆಚ್ಚುವುದಿಲ್ಲ. ಅಷ್ಟೇ ಅಲ್ಲ, ಆ ಹಬೆಯನ್ನೆಲ್ಲ ತಣಿಸುವ ಭಾರವು ಇನ್ನೊಂದು ಕೊನೆಯ ಮೇಲೆ ಬೀಳುವುದು. ಬಟ್ಟಿಯಲ್ಲಿ ಎಣ್ಣೆ ನಷ್ಟವಾಗುವುದು ಬಹುಮಟ್ಟಿಗೆ ಆ ಕೊನೆಯಲ್ಲಿಯೇ.

ತಣಿಸುವ ಕೊನೆ

ಹೊಲದ ಬಟ್ಟಿಯ ರಚನೆಯು ಸಾಮಾನ್ಯವಾಗಿ ಎಲ್ಲರಿಗೂ ತಿಳಿದದ್ದೇ. ಒಲೆಯ ಮೇಲೆ ದೊಡ್ಡ ಹಂಡೆ, ಅದರ ತಳದಲ್ಲಿ ನೀರು, ಕುದಿಯುವ ನೀರು ಹುಲ್ಲನ್ನು ತಾಗದಷ್ಟು ಎತ್ತರದಲ್ಲಿ ಒಂದು ಜಾಲರಿ, ಅದರ ಮೇಲೆ ಹುಲ್ಲು, ಬಿಗಿಯಾದ ಮುಚ್ಚಳ, ಮುಚ್ಚಳದಿಂದ ಹೊರಟು ತಣ್ಣೀರಿನ ತೊಟ್ಟಿಯೊಳಗೆ ಇಳಿಯುವ ಕೊಳವೆ, ಕೊನೆಗೆ ಎಣ್ಣೆಯನ್ನು ಬೇರ್ಪಡಿಸುವ ಪಾತ್ರೆ. ಕನೌಜಿನ ಅತ್ತರು ಮಾಡುವವರ ತಾಮ್ರದ ದೇಗ್, ಬಿದಿರಿನ ಕೊಳವೆ, ನೀರಿನಲ್ಲಿ ಮುಳುಗಿಸಿಟ್ಟ ಭಪ್ಕಾ ಎಂಬ ಪಾತ್ರೆ ಇವುಗಳೂ ಇದೇ ಅಂಗಗಳೇ. ಹುಲ್ಲನ್ನು ತುಂಬುವಾಗ ಎಲ್ಲ ಕಡೆಯೂ ಸಮನಾಗಿ ತುಳಿದು ತುಂಬತಕ್ಕದ್ದು. ಒಂದು ಕಡೆ ಸಡಿಲವಾಗಿದ್ದರೆ ಹಬೆಯು ಆ ದಾರಿಯನ್ನೇ ಹಿಡಿದು ಹೋಗಿ ಉಳಿದ ಹುಲ್ಲು ಹಸಿಯಾಗಿಯೇ ಉಳಿಯುವುದು. ತಳದ ನೀರು ಬತ್ತಿದರೆ ಸೀದ ವಾಸನೆಯು ಎಣ್ಣೆಗೆ ಹತ್ತುವುದು. ಅದು ಆಮೇಲೆ ಬಿಡುವುದಿಲ್ಲ.

ತೊಟ್ಟಿಯ ವಿಷಯದಲ್ಲಿ ಮಾತ್ರ ನಮ್ಮವರು ಬಹಳ ಉದಾಸೀನರು. ಹಂಡೆಗೆ ಸಾವಿರಾರು ರೂಪಾಯಿ ವೆಚ್ಚಮಾಡಿದವನು ತೊಟ್ಟಿಗೆ ಹಳೆಯ ಪೀಪಾಯಿ ಸಾಕೆನ್ನುವನು. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಬೇಕಾದ ಶಾಖವನ್ನು ಒಂದು ಕಿಲೋಕ್ಯಾಲೊರಿಯೆನ್ನುವರು. ಒಂದು ಕಿಲೋ ಹಬೆಯು ನೀರಾಗುವಾಗ ಸುಮಾರು ೫೪೦ ಕಿಲೋಕ್ಯಾಲೊರಿ ಶಾಖವನ್ನು ಹೊರಗೆ ಬಿಡುವುದು. ಆ ಕುದಿನೀರು ೧೦೦ ಡಿಗ್ರಿಯಿಂದ ೩೫ ಡಿಗ್ರಿಗೆ ತಣಿಯುವಾಗ ಇನ್ನು ೬೫. ಒಟ್ಟು ೬೦೫. ತೊಟ್ಟಿಗೆ ೨೫ ಡಿಗ್ರಿಯ ಬಾವಿನೀರು ಬಂದು ೪೫ ಡಿಗ್ರಿಯಾಗಿ ಹೊರಹೋಗುವುದೆಂದರೆ ಒಂದೊಂದು ಕಿಲೋ ನೀರು ೨೦ ಕಿಲೋಕ್ಯಾಲೊರಿಯನ್ನು ಹೊತ್ತುಕೊಂಡು ಹೋಗುವುದು. ಎಂದರೆ ಒಂದು ಲೀಟರು ಬಟ್ಟಿನೀರು ಇಳಿಯಬೇಕಾದರೆ ೩೦ ಲೀಟರು ತಣ್ಣೀರು ಹರಿಯಬೇಕು. ಗಂಟೆಗೆ ೪೦ ಲೀಟರು ಇಳಿಯುವ ಬಟ್ಟಿಗೆ ಗಂಟೆಗೆ ೧,೨೦೦ ಲೀಟರು. ಮೂರು ಗಂಟೆಯ ಒಂದು ಹಂಡೆಗೆ ೩,೬೦೦ ಲೀಟರು. ದಿನಕ್ಕೆ ಮೂರು ಹಂಡೆಯಾದರೆ ಹತ್ತು ಸಾವಿರ ಲೀಟರಿಗೆ ಮೇಲೆ. ಬೇಸಗೆಯಲ್ಲಿ ಬಾವಿಯು ಇಷ್ಟು ನೀರನ್ನು ಕೊಡುವುದೇ ಎಂಬುದನ್ನು ಹಂಡೆ ಕೊಳ್ಳುವುದಕ್ಕೆ ಮುಂಚೆ ವಿಚಾರಿಸತಕ್ಕದ್ದು, ಕೊಂಡ ಮೇಲಲ್ಲ. ನೀರು ಸಾಲದಿದ್ದರೆ ದೊಡ್ಡ ತೊಟ್ಟಿಯೊಂದನ್ನು ಕಟ್ಟಿ ಬಿಸಿಯಾದ ನೀರನ್ನು ರಾತ್ರಿ ಆರಗೊಟ್ಟು ಮರುದಿನ ಉಪಯೋಗಿಸಬಹುದು.

ಕಳೆದ ಬೇಸಗೆಯಲ್ಲಿ ನನ್ನ ಸರಹದ್ದಿನ ಒಂದು ಗ್ರಾಮದಲ್ಲಿ ಬಟ್ಟಿಯನ್ನು ನೋಡಲು ಹೋಗಿದ್ದೆನು. ಎರಡು ಫರ್ಲಾಂಗು ದೂರಕ್ಕೇ ಪರಿಮಳವು ಬರುತ್ತಿತ್ತು. ಯಜಮಾನನು ಸಂತೋಷದಿಂದ ಎದುರುಗೊಂಡು, “ವಾಸನೆ ನೋಡಿದಿರಾ ಸ್ವಾಮೀ, ಹುಲ್ಲು ಎಷ್ಟು ಚೆನ್ನಾಗಿದೆ! ಆದರೂ ಎಣ್ಣೆ ಮಾತ್ರ ಕಡಮೆ ಬೀಳುತ್ತಿದೆ. ಇನ್ನಷ್ಟು ಸೌದೆ ಹಾಕಿಸಲೇ?” ಎಂದು ಕೇಳಿದನು. ಕೊಳವೆಯ ಬಾಯಿಯಲ್ಲಿ ಇಳಿಯುತ್ತಿದ್ದ ನೀರಿಗೆ ಕೈಯೊಡ್ಡಿದರೆ ಕೈ ಸುಡುತ್ತಿತ್ತು. ಅದರ ಜೊತೆಗೆ ಬಿಳಿಯ ಹಬೆಯೂ ಬರುತ್ತಿತ್ತು. “ಗೌಡರೇ, ದಾರಿಯಲ್ಲಿ ನನಗೆ ಬಂದ ಪರಿಮಳವೇ ನಿಮ್ಮ ಎಣ್ಣೆ. ಸೌದೆಯನ್ನು ಹೊರಕ್ಕೆಳೆಸಿ” ಎಂದೆನು. ಆತನು ತಣ್ಣೀರನ್ನು ತೊಟ್ಟಿಯ ಮೇಲ್ಗಡೆಯಿಂದ ಸುರಿಸಿ ಮೇಲ್ಗಡೆಯಿಂದಲೇ ಹೊರಬಿಡುತ್ತಿದ್ದನು. ಬಿಸಿನೀರು ಹಗುರವಾದ್ದರಿಂದ ಮೇಲೆ ನಿಲ್ಲುವುದು. ತಣ್ಣೀರನ್ನು ತಳಕ್ಕೆ ಬಿಟ್ಟು ಬಿಸಿನೀರನ್ನು ಮೇಲಿನಿಂದ ಹೊರಡಿಸಬೇಕು. ಹಬೆಯು ಮೇಲಿನಿಂದ ಇಳಿಯುವುದು, ನೀರು ಕೆಳಗಿನಿಂದ ಏರುವುದು. ಕಟ್ಟಕಡೆಯಲ್ಲಿ ಅತ್ಯಂತ ತಣ್ಣನೆಯ ನೀರು ಹೊರಡುವ ಎಣ್ಣೆಗೆ ಎದುರಾಗುವುದು. ಅಂದೇ ರಬ್ಬರಿನ ಕೊಳವೆಯೊಂದನ್ನು ತೊಟ್ಟಿಯ ತಳಕ್ಕೆ ಇಳಿಬಿಟ್ಟು, ಬೆಂಕಿಯನ್ನು ತಗ್ಗಿಸಿ, ಎರಡನೆಯ ಹಂಡೆಯನ್ನು ಇಳಿಸಿದೆವು. ಇಳಿಯುವ ನೀರು ಕೈಗೆ ಉಗುರುಬೆಚ್ಚಗಾಯಿತು. ಪಾತ್ರೆಯಲ್ಲಿ ಎಣ್ಣೆಯ ಪದರವು ಬೆಳಗಿನದಕ್ಕಿಂತ ಸ್ಪಷ್ಟವಾಗಿ ದಪ್ಪವಾಗಿ ನಿಂತಿತು. ಮನೆಯೊಳಗೆ ಪರಿಮಳವು ಅಡಗಿತು. ಯಜಮಾನನ ಮಡದಿಯು, ವಾಸನೆ ಹೋಯಿತಲ್ಲಾ ಎಂದು ಚಿಂತಿಸಿದಳಂತೆ.

ಐದುನೂರು ಕಿಲೋ ಹಸಿಯ ಮಜ್ಜಿಗೆ ಹುಲ್ಲಿನಿಂದ ಸಾಮಾನ್ಯವಾಗಿ ಎರಡರಿಂದ ಮೂರು ಕಿಲೋ ಎಣ್ಣೆಯನ್ನು ನಿರೀಕ್ಷಿಸಬಹುದು. ಇಷ್ಟು ಸ್ವಲ್ಪದರಲ್ಲಿ ಕಾಲುಪಾಲು ಹಬೆಯೊಡನೆ ಹೊರಟುಹೋದರೆ ಉಳುಮೆ, ಕೊಯಿಲು, ಸೌದೆ ಇವುಗಳ ಖರ್ಚು ಕಳೆದು ಲಾಭವೆಂದು ನಿಲ್ಲಬೇಕಾದ ಭಾಗವೇ ಹೋದಂತಾಯಿತು.

ಬೇರ್ಪಡಿಸುವ ಪಾತ್ರೆ

ಇಳಿದ ನೀರೂ ಎಣ್ಣೆಯೂ ಒಂದರೊಳಗೊಂದು ಕರಗದಿರುವುದರಿಂದ ಇಲ್ಲಿ ಸ್ತಂಭವೂ ಬೇಡ, ತಟ್ಟೆಯೂ ಬೇಡ, ತಾವಾಗಿಯೇ ಬೇರ್ಪಡುವುವು. ಮಜ್ಜಿಗೆ ಹುಲ್ಲಿನ ಎಣ್ಣೆಯು ನೀರಿಗಿಂತ ಹಗುರವಾಗಿ ಮೇಲೆ ತೇಲುವುದು. ಲವಂಗದ ಎಣ್ಣೆಯು ಭಾರವಾಗಿ ತಳವನ್ನು ಸೇರುವುದು. ಲಾವಂಚದ ಎಣ್ಣೆಯ ತೂಕವು ನೀರಿನ ತೂಕಕ್ಕೆ ಬಹು ಸಮೀಪವಾದ್ದರಿಂದಲೂ ಅದು ಮಂದವಾದ್ದರಿಂದಲೂ ಬೇಗ ಬೇರೆಯಾಗದೆ ಕಾಡುವುದು. ಅದಕ್ಕೆ ಮಾತ್ರ ಇಳಿಯುವ ನೀರನ್ನು ಸ್ವಲ್ಪ ಬೆಚ್ಚಗಿಟ್ಟುಕೊಳ್ಳುವುದು ಮೇಲು. ಹಗುರವಾದ ಎಣ್ಣೆಗೆ ಉಪಯೋಗಿಸುವ ಪಾತ್ರೆಯಲ್ಲಿ ನೀರು ತಳದಿಂದ ಹೊರಟು ಬಾಗಿದ ಕೊಳವೆಯಲ್ಲೇರಿ ಹೊರಗೆ ಬೀಳುವುದು, ಎಣ್ಣೆಯು ಮೇಲೆ ಸಂಗ್ರಹವಾಗುತ್ತ ಬರುವುದು. ಪಾತ್ರೆಯು ಚಿಕ್ಕದಾಗಿದ್ದರೆ ನೀರಿನ ರಭಸಕ್ಕೆ ಎಣ್ಣೆಯ ಸಣ್ಣ ಹನಿಗಳು ಕೊಚ್ಚಿಕೊಂಡು ಹೋಗುವುವು.

ಗುಲಾಬಿಯು ಇದಕ್ಕೆ ಅಪವಾದ. ಅದರ ಸುಗಂಧದಲ್ಲಿ ಒಂದು ಭಾಗವು ನೀರಿನಲ್ಲಿ ಕರಗುವುದರಿಂದಲೇ ನಮ್ಮ ಮದುವೆಮನೆಗಳಲ್ಲಿ ಚಿಮುಕಿಸುವ ಪನ್ನೀರು ಉಂಟಾದದ್ದು. ಒಂದು ಕಿಲೋ ಗುಲಾಬಿಯೆಣ್ಣೆಗೆ ಮೂರು ನಾಲ್ಕು ಸಾವಿರ ಕಿಲೋ ಹೂವು ಬೇಕಾಗುವುದು. ಅಲ್ಲಿ ಬೇರ್ಪಟ್ಟ ನೀರನ್ನು ಚೆಲ್ಲದೆ ಮತ್ತೆ ಹಂಡೆಗೆ ಹಾಕಿ ಇಳಿಸುವರು.

ಕೊನೆಯ ಗುರುತು ತಿಳಿಯಬೇಕಾದರೆ ಕಾಲು ಗಂಟೆಗೊಮ್ಮೆ ಇಳಿಯುವ ನೀರನ್ನು ಸಣ್ಣ ಗಾಜಿನ ಸೀಸೆಯಲ್ಲಿ ಹಿಡಿದು ಬೆಳಕಿಗೆ ನೋಡತಕ್ಕದ್ದು. ಮೇಲೆ ಎಣ್ಣೆಯ ಪೊರೆ ನಿಲ್ಲುತ್ತಿರುವ ವರೆಗೂ ಬೆಂಕಿಯನ್ನು ಮುಂದುವರಿಸಿ, ಅದು ಕಾಣದಾದಾಗ ನಿಲ್ಲಿಸುವುದು. ಮಜ್ಜಿಗೆ ಹುಲ್ಲಿಗೆ ಎರಡು ಮೂರು ಗಂಟೆ ಸಾಕು. ಲಾವಂಚದ ಬೇರಿಗೆ ಹಗಲಿರುಳು ಬೇಕಾಗಬಹುದು. ಗಂಧದ ಚಕ್ಕೆಗೆ ದಿನಗಳೇ ಹಿಡಿಯುವುವು. ಇಳಿಸಿದ ಹುಲ್ಲನ್ನು ಒಣಗಿಸಿದರೆ ಮುಂದಿನ ಹಂಡೆಗೆ ಸೌದೆಯಾಗುವುದು.

ಅಪಾಯದ ವಿಷಯದಲ್ಲಿ ಎರಡು ಮಾತು. ಹಬೆ ಹೊರಡುವ ಕೊಳವೆಯು ಎಲ್ಲಿಯೂ ಮುಚ್ಚಿಕೊಳ್ಳದಂತೆ ಪ್ರತಿ ಸಲವೂ ಪರೀಕ್ಷಿಸಬೇಕು. ಅದಕ್ಕೆ ಬಿರಡೆಯನ್ನಾಗಲಿ ನಲ್ಲಿಯನ್ನಾಗಲಿ ಎಂದಿಗೂ ಹಾಕಕೂಡದು. ಹುಲ್ಲಿನ ಚೂರು ಸಿಕ್ಕಿಕೊಂಡು ದಾರಿ ಕಟ್ಟಿದರೆ ಹಂಡೆಯು ಸಿಡಿಮದ್ದಿಗೆ ಸಮಾನ. ಎಣ್ಣೆಯೂ ಅದರ ಆವಿಯೂ ಬೆಂಕಿಗೆ ಬೇಗ ಹತ್ತಿಕೊಳ್ಳುವುದರಿಂದ ಎಣ್ಣೆಯ ಪಾತ್ರೆಯು ಒಲೆಯಿಂದ ದೂರದಲ್ಲಿರಬೇಕು. ಬೀಡಿ ಸೇದುವವರನ್ನು ಹತ್ತಿರ ಸೇರಿಸಬಾರದು.

ಎಣ್ಣೆಯಲ್ಲಿ ಉಳಿದ ನೀರಿನ ಅಂಶವನ್ನು ನಿರ್ಜಲವಾದ ಸೋಡಿಯಂ ಸಲ್ಫೇಟಿನಿಂದ ತೆಗೆದು, ಶೋಧಿಸಿ, ಅಲ್ಯುಮಿನಿಯಮ್ ಡಬ್ಬಗಳಲ್ಲಾಗಲಿ ಬಣ್ಣದ ಗಾಜಿನ ಸೀಸೆಗಳಲ್ಲಾಗಲಿ ಕಂಠದವರೆಗೆ ತುಂಬಿ ನೆರಳಿನಲ್ಲಿಡತಕ್ಕದ್ದು. ತುಕ್ಕುಹಿಡಿದ ಕಬ್ಬಿಣವು ತಾಗಿದರೆ ಬಣ್ಣ ಕೆಡುವುದು. ವರ್ತಕನು ಬಣ್ಣವನ್ನೂ ವಾಸನೆಯನ್ನೂ ನೋಡಿ ಬೆಲೆ ಹೇಳುವನಾದರೂ ನಿಜವಾದ ಬೆಲೆಯು ಸಿಟ್ರಾಲಿನ ಪ್ರಮಾಣದ ಮೇಲಿರುವುದು. ಒಳ್ಳೆಯ ಎಣ್ಣೆಯಲ್ಲಿ ಅದು ನೂರಕ್ಕೆ ೭೫ಕ್ಕೆ ಕಡಮೆಯಾಗಿರುವುದಿಲ್ಲ. ಮಾರುವುದಕ್ಕೆ ಮುಂಚೆ ಮಾದರಿಯೊಂದನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಈ ಪೈರುಗಳನ್ನು ಕುರಿತ ಸರ್ಕಾರದ ಸಂಶೋಧನಾ ಸಂಸ್ಥೆಯು ಲಕ್ನೋ ನಗರದಲ್ಲಿದ್ದು ಅದರ ಶಾಖೆಯೊಂದು ಬೆಂಗಳೂರಿನಲ್ಲಿದೆ. ಮಾದರಿಯ ಸೀಸೆಯ ಮೇಲೆ ಕೊಯ್ದ ದಿನ, ಇಳಿಸಿದ ದಿನ, ಹುಲ್ಲಿನ ತೂಕ, ಎಣ್ಣೆಯ ತೂಕ ಇವಿಷ್ಟನ್ನೂ ಬರೆದು ಅಂಟಿಸಬೇಕು. ಇವಿಲ್ಲದ ಸೀಸೆಯಿಂದ ಪರೀಕ್ಷಕನಿಗೂ ಬೆಳೆಗಾರನಿಗೂ ಹೆಚ್ಚಿನ ಉಪಯೋಗವಾಗುವುದಿಲ್ಲ.